ಬೇಸಿಗೆ ರಿಸರ್ಚ್ ಫೆಲೋಶಿಪ್: ಅರ್ಜಿಗೂ ಮುಂಚೆ ದುಡ್ಡು ಯಾರದು ಅಂತ ಕೇಳಿ

ಅಮೆರಿಕದಲ್ಲಿ ಡಿಗ್ರಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಡಿಸೆಂಬರ್ ಬಂದರೆ ಬೇಸಿಗೆಗೆ ಲ್ಯಾಬ್ ಹುಡುಕಲು ಶುರು ಮಾಡುತ್ತಾರೆ. ರೆಸ್ಯುಮೆ ಹೇಗಿರಬೇಕು, ಜಿಪಿಎ ಎಷ್ಟಿರಬೇಕು ಅನ್ನುವುದೆಲ್ಲ ಅವರಿಗೆ ಚೆನ್ನಾಗಿಯೇ ಗೊತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಹೊಸದಾಗಿ ಬಂದವರು ವರ್ಷ ವರ್ಷವೂ ಎಡವುವ ಜಾಗ ಬೇರೆ. ಫೆಲೋಶಿಪ್ ಹಣ ಎಲ್ಲಿಂದ ಬರುತ್ತದೆ, ಯಾವ ಹೆಸರಿನಲ್ಲಿ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ. ಅರ್ಜಿ ಹಾಕಬಹುದಾ, ಕೆಲಸಕ್ಕೆ ಸೇರಬಹುದಾ, ಕೊನೆಗೆ ಕೈಗೆ ಎಷ್ಟು ಸಿಗುತ್ತದೆ, ಈ ಮೂರೂ ಆ ಒಂದು ಪ್ರಶ್ನೆಯ ಮೇಲೆ ನಿಂತಿವೆ.

ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಆರ್‌ಇಯು, ಅಂದರೆ ಡಿಗ್ರಿ ವಿದ್ಯಾರ್ಥಿಗಳಿಗೆ ಸಂಶೋಧನೆಯ ಅನುಭವ ಕೊಡುವ ಕಾರ್ಯಕ್ರಮ. ಇದಕ್ಕೆ ಹಣ ಕೊಡುವುದು ಅಮೆರಿಕ ಸರ್ಕಾರದ ನ್ಯಾಷನಲ್ ಸೈನ್ಸ್ ಫೌಂಡೇಶನ್. ದೇಶದ ತುಂಬ ನಡೆಯುತ್ತದೆ, ಹೆಚ್ಚಿನ ಕಡೆ ಸುಮಾರು 10 ವಾರ. ಸ್ಟೈಪೆಂಡ್ ಜೊತೆಗೆ ಬಹಳ ಕಡೆ ಉಳಿಯಲು ರೂಮು, ಪ್ರಯಾಣದ ಖರ್ಚು ಸಹ ಸಿಗುತ್ತದೆ. ಆದರೆ ಈ ಹಣ ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಆರೋಗ್ಯ ಸಂಶೋಧನೆಯ ಸರ್ಕಾರಿ ಸಂಸ್ಥೆ ಎನ್‌ಐಎಚ್‌ನ ಸಮ್ಮರ್ ಇಂಟರ್ನ್‌ಶಿಪ್ ಮತ್ತು ಇಂಧನ ಇಲಾಖೆಯ ನ್ಯಾಷನಲ್ ಲ್ಯಾಬ್‌ಗಳ ಬೇಸಿಗೆ ಕಾರ್ಯಕ್ರಮದಲ್ಲೂ ಅದೇ ನಿಯಮ. ಕೆಲವೇ ಕೆಲವು ಆರ್‌ಇಯು ಸೈಟ್‌ಗಳು ಬೇರೆ ಮೂಲದ ಹಣ ಇದ್ದಾಗ ಹೊರದೇಶದವರನ್ನು ತೆಗೆದುಕೊಳ್ಳುತ್ತವೆ. ಹಾಗಿದ್ದರೆ ಅದನ್ನು ಅರ್ಹತೆಯ ಜಾಗದಲ್ಲಿ ಸ್ಪಷ್ಟವಾಗಿ ಬರೆದಿರುತ್ತಾರೆ. ಬರೆದಿಲ್ಲ ಅಂದರೆ ಇಲ್ಲ ಅಂತಲೇ ಅರ್ಥ. ಎಫ್-1 (ವಿದ್ಯಾರ್ಥಿ) ವೀಸಾದ ಹುಡುಗರು ಚಳಿಗಾಲದ ರಜೆಯನ್ನೆಲ್ಲ ಕೂತು ಇಂಥ ಅರ್ಜಿಗಳನ್ನು ತುಂಬುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಅವರ ಬರವಣಿಗೆಯನ್ನು ಯಾರೂ ಓದುವುದೂ ಇಲ್ಲ. ಮೊದಲ ಜರಡಿಯಲ್ಲೇ ಅರ್ಜಿ ಹೊರಗೆ.

ಎಫ್-1 ಇದ್ದವರಿಗೆ ನನ್ನ ಮೊದಲ ಸಲಹೆ: ನಿಮ್ಮ ಕ್ಯಾಂಪಸ್‌ನಲ್ಲೇ ಹುಡುಕಿ. ಎಂಐಟಿ 1969ರಲ್ಲಿ ಯುರಾಪ್ ಅಂತ ಒಂದು ವ್ಯವಸ್ಥೆ ಶುರು ಮಾಡಿತು. ಡಿಗ್ರಿ ಮಕ್ಕಳೇ ಪ್ರೊಫೆಸರ್ ಜೊತೆ ಕೂತು ಸಂಶೋಧನೆ ಮಾಡುವ ವ್ಯವಸ್ಥೆ ಅದು. ಇವತ್ತು ಆ ಥರದ್ದು ಬೇರೆ ಬೇರೆ ಹೆಸರಲ್ಲಿ ಬಹಳ ವಿಶ್ವವಿದ್ಯಾಲಯಗಳಲ್ಲಿದೆ. ನಿಮ್ಮ ಸ್ವಂತ ವಿಶ್ವವಿದ್ಯಾಲಯ ಕೊಡುವ ಕೆಲಸ ಆನ್-ಕ್ಯಾಂಪಸ್ ಲೆಕ್ಕಕ್ಕೆ ಬರುತ್ತದೆ. ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆ ಮಿತಿ. ಬೇಸಿಗೆ ರಜೆಯಲ್ಲಿ, ಮುಂದಿನ ಸೆಮಿಸ್ಟರ್‌ಗೆ ವಾಪಸ್ ಬರುವವರಾದರೆ, ಫುಲ್ ಟೈಮ್ ಮಾಡಬಹುದು. ಸಿಪಿಟಿ, ಅಂದರೆ ಓದಿನ ಭಾಗವಾಗಿ ಕ್ಯಾಂಪಸ್ ಹೊರಗೆ ದುಡಿಯಲು ಎಫ್-1 ಇದ್ದವರಿಗೆ ಬೇಕಾದ ಪರವಾನಗಿ, ಅದರ ಗೋಜೇ ಇಲ್ಲ. ದೊಡ್ಡ ಹೆಸರಿನ ಕಾಲೇಜಿನ ಆಸೆಗೆ ಇದನ್ನು ಬಿಡಬೇಡಿ.

ಇನ್ನು ಮೆಂಟರ್, ಅಂದರೆ ಸಂಶೋಧನೆಗೆ ದಾರಿ ತೋರಿಸುವವರ ವಿಷಯ. ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ಸರ್ಫ್ ಅನ್ನುವ ಬೇಸಿಗೆ ಸಂಶೋಧನಾ ಕಾರ್ಯಕ್ರಮ 1979ರಿಂದ ನಡೆಯುತ್ತಿದೆ. ಹೊರಗಿನ ಕಾಲೇಜಿನವರೂ ಅರ್ಜಿ ಹಾಕಬಹುದು. ಅರ್ಜಿಯ ಗಡುವು ಫೆಬ್ರವರಿಯಲ್ಲಿ. ಆದರೆ ಅಷ್ಟರೊಳಗೆ ಮೆಂಟರ್ ಒಪ್ಪಿರಬೇಕು, ಅವರ ಜೊತೆ ಮಾತಾಡಿ ನೀವೇ ಪ್ರಪೋಸಲ್ ಬರೆದಿರಬೇಕು. ಮೆಂಟರ್ ಇಲ್ಲದೆ ಅರ್ಜಿಯೇ ಇಲ್ಲ. ಹಾಗಾಗಿ ಡಿಸೆಂಬರ್‌ನಲ್ಲೇ ಮೇಲ್ ಹೋಗಬೇಕು. ಫೆಬ್ರವರಿಯಲ್ಲಿ ಏಳುವವರಿಗೆ ಉಳಿಯುವುದು ಮುಂದಿನ ವರ್ಷ.

ನಮ್ಮವರ ಮೇಲ್ ನೋಡಿದ ತಕ್ಷಣ ಗೊತ್ತಾಗುತ್ತದೆ. 'ರೆಸ್ಪೆಕ್ಟೆಡ್ ಸರ್' ಅಂತ ಶುರು, ಆ ಕಡೆ ಇರುವವರು ಮಹಿಳೆ. ನಿಮ್ಮ ಸಂಶೋಧನೆ ನನಗೆ ತುಂಬ ಇಷ್ಟ ಅನ್ನುವ ಒಂದು ಪ್ಯಾರಾ, ಯಾವ ಸಂಶೋಧನೆ ಅಂತ ಸುಳಿವಿಲ್ಲ. ಅದೇ ಮೇಲ್ ಐವತ್ತು ಜನಕ್ಕೆ. ಇಲ್ಲಿ 'ಪ್ರೊಫೆಸರ್' ಅಥವಾ 'ಡಾಕ್ಟರ್' ಹಾಕಿ ಮನೆತನದ ಹೆಸರು ಬರೆದರೆ ಸಾಕು, ಮರ್ಯಾದೆ ಅದರಲ್ಲೇ ಬಂತು. ತುಮಕೂರು ಕಡೆಯ ಹುಡುಗಿಯೊಬ್ಬಳು ಬ್ಯಾಟರಿ ಲ್ಯಾಬ್ ಒಂದಕ್ಕೆ ಬರೆದ ಮೇಲ್ ನನಗೆ ತೋರಿಸಿದ್ದಳು. ಅದರ ಸಾರ ಇಷ್ಟು: 'ನಿಮ್ಮ ಪೇಪರಿನ ಮೂರನೇ ಚಿತ್ರದಲ್ಲಿ ಒಂದು ಹಂತ ದಾಟಿದ ಮೇಲೆ ಕೆಪಾಸಿಟಿ ದಿಢೀರ್ ಇಳಿದಿದೆ. ಅದು ಎಲೆಕ್ಟ್ರೋಲೈಟ್‌ನಿಂದಲೋ, ಎಲೆಕ್ಟ್ರೋಡ್ ಬಿರುಕು ಬಿಟ್ಟಿದ್ದರಿಂದಲೋ? ನನಗೆ ಪೈಥಾನ್ ಬರುತ್ತದೆ, ಲ್ಯಾಬ್ ಅನುಭವ ಒಂದು ಸೆಮಿಸ್ಟರ್‌ನದ್ದು. ಜೂನ್‌ನಿಂದ ಆಗಸ್ಟ್‌ವರೆಗೆ ಬಿಡುವಿದೆ. ಹದಿನೈದು ನಿಮಿಷ ಮಾತಾಡಬಹುದೇ?' ಅಷ್ಟೇ. ಅವತ್ತು ರಾತ್ರಿಯೇ ಉತ್ತರ ಬಂತು.

ಆ ಹದಿನೈದು ನಿಮಿಷದಲ್ಲಿ ಮೂರು ವಿಷಯ ಕೇಳಲೇಬೇಕು. ದಿನಾ ನನ್ನ ಜೊತೆ ಇರುವವರು ಯಾರು? ಬಹಳ ಕಡೆ ನಿಜವಾದ ಮೆಂಟರ್ ಅಂದರೆ ಪಿಎಚ್‌ಡಿ ವಿದ್ಯಾರ್ಥಿಯೋ ಪೋಸ್ಟ್‌ಡಾಕೋ ಆಗಿರುತ್ತಾರೆ. ಅವರ ಜೊತೆಗೂ ಒಮ್ಮೆ ಮಾತಾಡಿ. ಬೇಸಿಗೆಯಲ್ಲಿ ಪ್ರೊಫೆಸರ್ ಊರಲ್ಲಿರುತ್ತಾರಾ? ಇಲ್ಲಿ ಹೆಚ್ಚಿನ ಪ್ರೊಫೆಸರ್‌ಗಳಿಗೆ ವಿಶ್ವವಿದ್ಯಾಲಯ ಕೊಡುವುದು ಒಂಬತ್ತು ತಿಂಗಳ ಸಂಬಳ. ಬೇಸಿಗೆಯಲ್ಲಿ ಅವರೂ ಗ್ರಾಂಟ್ ಹಣದಲ್ಲೇ ಇರುತ್ತಾರೆ, ಕಾನ್ಫರೆನ್ಸ್ ಅಂತ ತಿರುಗುತ್ತಾರೆ. ಮೂರನೆಯದು, ನನಗೆ ಕೊಡುವ ದುಡ್ಡು ಯಾವ ಖಾತೆಯಿಂದ? ಆರ್‌ಇಯು ಸಪ್ಲಿಮೆಂಟ್ (ಪ್ರೊಫೆಸರ್ ಗ್ರಾಂಟ್‌ಗೆ ಸೇರಿಸಿ ಕೊಡುವ ಆರ್‌ಇಯು ಹಣ) ಅಂದರೆ ಎಫ್-1 ಇದ್ದವರಿಗೆ ಬಾಗಿಲು ಮುಚ್ಚಿತು. ಮಾಮೂಲಿ ರಿಸರ್ಚ್ ಗ್ರಾಂಟ್ ಅಂದರೆ ಸಾಮಾನ್ಯವಾಗಿ ತೆರೆದಿದೆ. ದುಡ್ಡಿನ ಮಾತು ಎತ್ತಿದರೆ ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ ನಮ್ಮಲ್ಲಿ ಜಾಸ್ತಿ. ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಶಿಫಾರಸು ಪತ್ರದ ಬಗ್ಗೆ ಒಂದೇ ಮಾತು. ಫಾರ್ಮಿನಲ್ಲಿ 'ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೇನೆ' ಅಂತ ಒಂದು ಸಾಲು ಇರುತ್ತದೆ. ಅದಕ್ಕೆ ಟಿಕ್ ಹಾಕಿ. ಹಾಕದಿದ್ದರೆ ಆ ಪತ್ರಕ್ಕೆ ಬೆಲೆ ಕಡಿಮೆ.

ನಮ್ಮ ಊರಿನ ಪದ್ಧತಿಯನ್ನೂ ನೆನೆಯಬೇಕು. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ನಡೆಸುವ ಬೇಸಿಗೆ ಫೆಲೋಶಿಪ್‌ನಲ್ಲಿ ಒಂದೇ ಕಡೆ ಅರ್ಜಿ. ಆಯ್ಕೆ ಆದರೆ ಗೈಡ್ ಯಾರು ಅಂತ ಅವರೇ ಗೊತ್ತು ಮಾಡುತ್ತಾರೆ. ಎರಡು ತಿಂಗಳ ಕೆಲಸ. ಕಾಲೇಜು ಮೇಷ್ಟ್ರುಗಳೂ ಅರ್ಜಿ ಹಾಕಬಹುದು. ಜಕ್ಕೂರಿನ ಜವಾಹರಲಾಲ್ ನೆಹರು ಸೆಂಟರ್‌ನಲ್ಲೂ ಅಂಥದ್ದೊಂದು ಇದೆ. ನನ್ನ ಪ್ರಕಾರ ಸಣ್ಣ ಊರಿನ, ಯಾರ ಪರಿಚಯವೂ ಇಲ್ಲದ ವಿದ್ಯಾರ್ಥಿಗೆ ನಮ್ಮದೇ ಹೆಚ್ಚು ನ್ಯಾಯದ ಪದ್ಧತಿ. ಅಮೆರಿಕದಲ್ಲಿ ಮೇಲ್ ಬರೆಯುವ ಕಲೆ ಮನೆಯಲ್ಲೇ ಕಲಿತು ಬಂದವರು ಮುಂದೆ ಹೋಗುತ್ತಾರೆ. ಆದರೆ ಪ್ರಪೋಸಲ್ ಅನ್ನು ತಾನೇ ಬರೆದ ಮಗು ಬೇಸಿಗೆಯ ಮೊದಲ ದಿನವೇ ತಾನು ಏನು ಹುಡುಕುತ್ತಿದ್ದೇನೆ ಅಂತ ಹೇಳಬಲ್ಲದು. ಆ ವಿಷಯದಲ್ಲಿ ಸರ್ಫ್ ಮೇಲು.

ಈಗ ಎಲ್ಲಕ್ಕಿಂತ ದುಬಾರಿ ಬೀಳುವ ವಿಷಯ. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಹಾಸನದ ಹುಡುಗನೊಬ್ಬ ಎರಡನೇ ವರ್ಷದಲ್ಲಿದ್ದ, ಎಫ್-1. ಪಕ್ಕದ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ 10 ವಾರಕ್ಕೆ 6,000 ಡಾಲರ್ ಅಂತ ಆಫರ್ ಬಂತು. ಖುಷಿಯಲ್ಲಿ ಒಪ್ಪಿಕೊಂಡ. ವಿಮಾನದ ಟಿಕೆಟ್ ಆಯಿತು, ಅಲ್ಲೊಂದು ರೂಮಿಗೆ ಅಡ್ವಾನ್ಸ್ ಆಯಿತು. ಮೇ ಕೊನೆಯಲ್ಲಿ, ಸುಮ್ನೆ ಒಂದು ಮಾತು ಹೇಳಿ ಹೋಗೋಣ ಅಂತ ತನ್ನ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿಗೆ ಹೋದ. ಇದು ಆಫ್-ಕ್ಯಾಂಪಸ್ ಕೆಲಸ, ಸಿಪಿಟಿ ಬೇಕು ಅಂದರು. ಸಿಪಿಟಿ ಬೇಕಾದರೆ ಆ ಕೆಲಸ ನಿನ್ನ ಕೋರ್ಸಿನ ಭಾಗ ಆಗಿರಬೇಕು. ಅವನ ವಿಭಾಗದಲ್ಲಿ ಅದಕ್ಕಿದ್ದ ದಾರಿ ಒಂದೇ, ಬೇಸಿಗೆಯಲ್ಲಿ ಇಂಟರ್ನ್‌ಶಿಪ್ ಕ್ರೆಡಿಟ್ ತೆಗೆದುಕೊಳ್ಳುವುದು. ಆ ಕ್ರೆಡಿಟ್‌ಗೆ ಹೊರಗಿನವರ ದರದಲ್ಲಿ ಫೀ. ಬಿಲ್ 2,000 ಡಾಲರ್ ದಾಟಿತು. ಅಡ್ವೈಸರ್ ಸಹಿ ಬೇಕು, ಅವರು ರಜೆಯಲ್ಲಿದ್ದರು. ಸಿಪಿಟಿ ನಮೂದಾದ ಹೊಸ ಐ-20 (ಎಫ್-1 ಇದ್ದವರಿಗೆ ಕಾಲೇಜು ಕೊಡುವ ದಾಖಲೆ) ಕೈಗೆ ಬರುವ ಹೊತ್ತಿಗೆ ಕೆಲಸ ಶುರುವಾಗಬೇಕಿದ್ದ ದಿನ ದಾಟಿ ಹೋಗಿತ್ತು. ಟಿಕೆಟ್ ಬದಲಿಸಿದ. ತಡವಾಗಿ ಸೇರಿದ್ದಕ್ಕೆ ಸ್ಟೈಪೆಂಡ್ ಕಡಿತ ಆಯಿತು. ಸಂಶೋಧನೆ ಚೆನ್ನಾಗೇ ಮಾಡಿದ ಪಾಪ, ಆದರೆ ಬೇಸಿಗೆ ಮುಗಿದಾಗ ಊರಿಗೆ ಹೋಗಿ ಬರುವಷ್ಟು ದುಡ್ಡೂ ಉಳಿಯಲಿಲ್ಲ.

ಹಾಗಾಗಿ ಆಫರ್ ಬಂದ ದಿನವೇ, ಹೂಂ ಅನ್ನುವ ಮುಂಚೆ, ನಿಮ್ಮ ಡಿಎಸ್‌ಒ, ಅಂದರೆ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಎಫ್-1 ಕಾಗದ ನೋಡಿಕೊಳ್ಳುವ ಅಧಿಕಾರಿಯ ಹತ್ತಿರ ಹೋಗಿ. ಸಿಪಿಟಿಗೆ ಕ್ರೆಡಿಟ್ ಬೇಕಾ, ಎಷ್ಟು ಕ್ರೆಡಿಟ್, ಅದರ ಫೀ ಎಷ್ಟು, ಬೇಸಿಗೆಗೆ ಸೇರುವ ಕೊನೆಯ ದಿನ ಯಾವುದು ಅಂತ ಕೇಳಿ. ಕೆಲವು ವಿಭಾಗಗಳಲ್ಲಿ ಒಂದೇ ಕ್ರೆಡಿಟ್ ಸಾಕು. ಕೆಲವು ಕಡೆ ಆ ಕ್ರೆಡಿಟ್ ಅನ್ನು ಸೆಪ್ಟೆಂಬರ್ ಸೆಮಿಸ್ಟರ್‌ಗೆ ಹಾಕಿಕೊಳ್ಳಲು ಬಿಡುತ್ತಾರೆ, ಆಗ ಜಾಸ್ತಿ ಖರ್ಚು ಬರುವುದಿಲ್ಲ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ. ಆಫರ್ ಪತ್ರದಲ್ಲಿ ಶುರುವಿನ ಮತ್ತು ಕೊನೆಯ ದಿನಾಂಕ, ವಾರಕ್ಕೆ ಎಷ್ಟು ಗಂಟೆ, ಕೆಲಸದ ಜಾಗದ ವಿಳಾಸ, ಮೇಲ್ವಿಚಾರಕರ ಹೆಸರು ಎಲ್ಲ ಇರಲಿ. ಒಂದು ಇಲ್ಲದಿದ್ದರೂ ಮತ್ತೆ ಬರೆಸಿಕೊಂಡು ಬಾ ಅನ್ನುತ್ತಾರೆ, ವಾರ ಹೋಗುತ್ತದೆ.

ಇನ್ನೂ ಒಂದು. ಸಿಪಿಟಿ ಸಿಗಬೇಕಾದರೆ ಸಾಮಾನ್ಯವಾಗಿ ಒಂದು ಪೂರ್ತಿ ಶೈಕ್ಷಣಿಕ ವರ್ಷ ಮುಗಿಸಿರಬೇಕು. ಆಗಸ್ಟ್‌ನಲ್ಲಿ ಸೇರಿದವರಿಗೆ ಮೇ ಹೊತ್ತಿಗೆ ಆಗಿರುತ್ತದೆ. ಜನವರಿಯಲ್ಲಿ ಸೇರಿದವರಿಗೆ ಆಗಿರುವುದಿಲ್ಲ. ಫುಲ್ ಟೈಮ್ ಸಿಪಿಟಿ 12 ತಿಂಗಳು ಮುಟ್ಟಿದರೆ ಆ ಡಿಗ್ರಿಯ ಓಪಿಟಿ (ಡಿಗ್ರಿ ಮುಗಿದ ಮೇಲೆ ದುಡಿಯಲು ಸಿಗುವ ಪರವಾನಗಿ) ಹೋಗುತ್ತದೆ ಅನ್ನುವುದು ನಿಜ. ಆದರೆ 10 ವಾರಕ್ಕೆ ಆ ಭಯ ಬೇಡ.

'ಇದು ಕೆಲಸ ಅಲ್ಲ ಕಣಪ್ಪಾ, ಫೆಲೋಶಿಪ್, ನಿನಗೆ ಯಾವ ಪರ್ಮಿಷನ್ನೂ ಬೇಡ' ಅಂತ ಸೀನಿಯರ್ ಯಾರಾದರೂ ಹೇಳಬಹುದು. ಕೆಲವು ಸಲ ಅದು ನಿಜವೂ ಇರಬಹುದು. ಆದರೆ ಅದನ್ನು ಹೇಳಬೇಕಾದವರು ಡಿಎಸ್‌ಒ, ಅದೂ ಬರಹದಲ್ಲಿ. ಲ್ಯಾಬಿನವರ ಬಾಯಿಮಾತು ನಂಬಿ ಕೆಲಸಕ್ಕೆ ಇಳಿಯಬೇಡಿ. ಪರವಾನಗಿ ಇಲ್ಲದೆ ದುಡಿದರೆ ಹೋಗುವುದು ಒಂದು ಬೇಸಿಗೆಯಲ್ಲ, ನಿಮ್ಮ ಎಫ್-1 ಸ್ಟೇಟಸ್ಸೇ.

ಎಚ್-4 ಮಕ್ಕಳ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಜೊತೆ ಬಂದ ಮಕ್ಕಳ, ತಂದೆ ತಾಯಿಗೆ ಬೇರೆಯಾಗಿ ಹೇಳಬೇಕು. ಮೂರನೇ ವಯಸ್ಸಿಗೆ ಮೈಸೂರಿನಿಂದ ಬಂದು ಇಲ್ಲೇ ಶಾಲೆ ಕಲಿತ ಮಗುವಿಗೆ ತಾನು ಹೊರಗಿನವಳು ಅನ್ನಿಸಿರುವುದೇ ಇಲ್ಲ. ಆರ್‌ಇಯು ಫಾರ್ಮ್ ತೆರೆದಾಗಲೇ ಅದು ಗೊತ್ತಾಗುವುದು. ಅದಕ್ಕೂ ಮುಂಚೆ ನೀವೇ ಕೂರಿಸಿಕೊಂಡು ಹೇಳಿ. ಎಚ್-4ನಲ್ಲಿ ಮಕ್ಕಳು ಓದಬಹುದು, ದುಡಿಯುವಂತಿಲ್ಲ. ಎಚ್-4 ಇಎಡಿ (ದುಡಿಯುವ ಪರವಾನಗಿ ಕಾರ್ಡ್) ಸಿಗುವುದು ಕೆಲವು ಎಚ್-1ಬಿ ನೌಕರರ ಗಂಡ ಅಥವಾ ಹೆಂಡತಿಗೆ, ಮಕ್ಕಳಿಗಲ್ಲ. ಸಂಬಳ ಬೇಡ, ಸುಮ್ನೆ ಹೋಗಿ ಕಲಿಯುತ್ತಾಳೆ ಅನ್ನುವುದೂ ಅಷ್ಟು ಸುಲಭ ಅಲ್ಲ. ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಪುಕ್ಕಟೆ ಮಾಡಿದರೂ ತೊಂದರೆ ಬರಬಹುದು. ದಾರಿ ಇದೆ: ತನ್ನದೇ ಕಾಲೇಜಿನಲ್ಲಿ ಸಂಶೋಧನೆಯನ್ನು ಕ್ರೆಡಿಟ್ ಕೋರ್ಸ್ ಆಗಿ ತೆಗೆದುಕೊಳ್ಳುವುದು. ಅದು ಓದಿನ ಲೆಕ್ಕ. ಕೈಗೆ ದುಡ್ಡು ಬರುವುದಿಲ್ಲ, ಆದರೆ ಲ್ಯಾಬ್ ಅನುಭವ, ಒಳ್ಳೆಯ ಶಿಫಾರಸು ಪತ್ರ ಎರಡೂ ಸಿಗುತ್ತವೆ. ಹೇಗಿದ್ದರೂ 21 ತುಂಬಿದರೆ ಎಚ್-4 ಮುಗಿಯುತ್ತದೆ. ಎಫ್-1ಗೆ ಬದಲಾಯಿಸುವ ಯೋಚನೆ ಇದ್ದರೆ ವಕೀಲರ ಹತ್ತಿರ ಬೇಗ ಮಾತಾಡಿ.

ಕೊನೆಗೆ ತೆರಿಗೆ. ದುಡ್ಡು ಯಾವ ಹೆಸರಿನಲ್ಲಿ ಬರುತ್ತದೆ ಅನ್ನುವುದು ಇಲ್ಲಿ ಮತ್ತೆ ಮುಖ್ಯ. ಸಂಬಳ ಅಂತ ಕೊಟ್ಟರೆ ಡಬ್ಲ್ಯು-2 ಅನ್ನುವ ಸಂಬಳದ ತೆರಿಗೆ ಪತ್ರ ಬರುತ್ತದೆ. ಕೆಲಸಕ್ಕಲ್ಲದ ಫೆಲೋಶಿಪ್ ಅಂತ ಕೊಟ್ಟರೆ ಎಫ್-1, ಜೆ-1 (ವಿನಿಮಯ ಕಾರ್ಯಕ್ರಮದ ವೀಸಾ) ಇದ್ದವರಿಗೆ ಸಾಮಾನ್ಯವಾಗಿ ಶೇಕಡ 14 ತೆರಿಗೆ ಮುರಿದುಕೊಂಡು 1042-ಎಸ್ ಅನ್ನುವ ಪತ್ರ ಕೊಡುತ್ತಾರೆ. 6,000ಕ್ಕೆ 840 ಡಾಲರ್. ಹೋಯಿತು ಅಂತ ಬಿಟ್ಟುಬಿಡುವವರೇ ಜಾಸ್ತಿ. ಬಿಡಬೇಡಿ. ಭಾರತ ಮತ್ತು ಅಮೆರಿಕದ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ ಭಾರತದ ವಿದ್ಯಾರ್ಥಿಗಳಿಗೆ ಸ್ಟಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದ ಒಂದು ಮೊತ್ತಕ್ಕೆ ತೆರಿಗೆ ಇಲ್ಲದ ರಿಯಾಯಿತಿ, ಸಿಗುತ್ತದೆ. ಬೇರೆ ಬಹಳ ದೇಶದವರಿಗೆ ಇದಿಲ್ಲ. ಏಪ್ರಿಲ್ 15ರೊಳಗೆ 1040-ಎನ್‌ಆರ್ (ನಾನ್-ರೆಸಿಡೆಂಟ್‌ಗಳ ತೆರಿಗೆ ರಿಟರ್ನ್) ಸಲ್ಲಿಸಿದರೆ ಆ ಹಣದಲ್ಲಿ ದೊಡ್ಡ ಪಾಲು, ಕೆಲವರಿಗೆ ಪೂರ್ತಿಯೇ, ವಾಪಸ್ ಬರಬಹುದು. ರೂಮ್‌ಮೇಟ್ ಬಳಸುವ ಸಾಫ್ಟ್‌ವೇರ್‌ನಲ್ಲಿ ಅವನ ಥರವೇ ರೆಸಿಡೆಂಟ್ ಅಂತ ತುಂಬಬೇಡಿ. ಬಹಳ ವಿಶ್ವವಿದ್ಯಾಲಯಗಳು ನಾನ್-ರೆಸಿಡೆಂಟ್‌ಗಳಿಗೆ ಬೇಕಾದ ಸಾಫ್ಟ್‌ವೇರ್ ಅನ್ನು ಉಚಿತವಾಗಿ ಇಲ್ಲವೇ ಕಡಿಮೆ ದರಕ್ಕೆ ಕೊಡುತ್ತವೆ. ಜೊತೆಗೆ ಫಾರ್ಮ್ 8843, ತೆರಿಗೆ ಲೆಕ್ಕಕ್ಕೆ ನಾನು ನಾನ್-ರೆಸಿಡೆಂಟ್ ಅಂತ ತಿಳಿಸುವ ಕಾಗದ. ಒಂದು ಡಾಲರ್ ಆದಾಯ ಇಲ್ಲದವರೂ ಅದನ್ನು ಕಳಿಸಬೇಕು, ಅವರಿಗೆ ಗಡುವು ಜೂನ್ 15.