ಸಿಒಪಿಡಿ ಇರುವವರು ನ್ಯುಮೋನಿಯಾದಿಂದ ದಾಖಲಾದಾಗ: ಜೊತೆಗಿರುವವರು ತಿಳಿದಿರಬೇಕಾದದ್ದು

ಬೀಡಿ, ಸಿಗರೇಟು ಸೇದಿಯೋ, ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದೋ ಸಿಒಪಿಡಿ (ಉಸಿರುನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಬಂದಿರುವವರಿಗೆ ನ್ಯುಮೋನಿಯಾ ತಗುಲಿದರೆ ಲೆಕ್ಕವೇ ಬೇರೆ. ಆರೋಗ್ಯವಂತರಲ್ಲಿ ಶ್ವಾಸಕೋಶದ ಒಂದು ಭಾಗ ಕೆಟ್ಟರೂ ಉಳಿದದ್ದು ಸಂಭಾಳಿಸುತ್ತದೆ. ಇವರಲ್ಲಿ ಆ ಮಿಗಿಲು ಶಕ್ತಿ ಮೊದಲೇ ಕರಗಿರುತ್ತದೆ. ಸಾವು ಹೆಚ್ಚುತ್ತದೆಯೇ ಎಂಬ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಆದರೆ ಉಸಿರಾಟಕ್ಕೆ ಯಂತ್ರದ ನೆರವು ಬೇಕಾಗುವುದು, ಮನೆಗೆ ಹೋದವರು ಮತ್ತೆ ದಾಖಲಾಗುವುದು ಹೆಚ್ಚು.

ಕ್ಯಾಶುವಾಲಿಟಿಯಲ್ಲೇ "ಇವರಿಗೆ ಸಿಒಪಿಡಿ ಇದೆ" ಎಂದು ಮೊದಲು ಹೇಳಿ. ನ್ಯುಮೋನಿಯಾದ ತೀವ್ರತೆ ಅಳೆಯುವ ಕರ್ಬ್-65 ಎಂಬ ಅಂಕಪಟ್ಟಿ ನೋಡುವುದು ಗೊಂದಲ, ರಕ್ತದ ಯೂರಿಯಾ, ಉಸಿರಿನ ವೇಗ, ಬಿಪಿ, ವಯಸ್ಸು ಈ ಐದನ್ನು ಮಾತ್ರ. ಹಳೆಯ ಶ್ವಾಸಕೋಶದ ಕಾಯಿಲೆಗೆ ಅದರಲ್ಲಿ ಅಂಕವಿಲ್ಲ. ಅಂಕ ಕಡಿಮೆ ಬಂದಿತೆಂದು ನಿರಾಳವಾಗಬೇಡಿ. ಇನ್‌ಹೇಲರ್, ಮಾತ್ರೆ, ಹಳೆಯ ಎಕ್ಸ್‌ರೇ ಕೊಂಡೊಯ್ಯಿರಿ. ಆರಾಮಾಗಿದ್ದಾಗ ಆಕ್ಸಿಜನ್ ಮಟ್ಟ ಎಷ್ಟಿರುತ್ತಿತ್ತು, ಹಿಂದೆ ಬೈಪ್ಯಾಪ್ (ಮಾಸ್ಕ್ ಮೂಲಕ ಒತ್ತಡದಿಂದ ಗಾಳಿ ಕೊಡುವ ಯಂತ್ರ) ಹಾಕಿದ್ದರೇ ಎಂಬುದನ್ನೂ ಹೇಳಿ.

ಹೆಚ್ಚಿನ ಅನಾಹುತ ಆಗುವುದು ಆಕ್ಸಿಜನ್ ವಿಷಯದಲ್ಲಿ. ಇಂಥವರಿಗೆ ರಕ್ತದ ಆಕ್ಸಿಜನ್ ಮಟ್ಟದ ಗುರಿ 88ರಿಂದ 92%. ಉಳಿದವರ 94–98 ಅಲ್ಲ. ಬೆರಳಿನ ಯಂತ್ರ 90 ತೋರಿಸಿತೆಂದು ಗಾಬರಿಯಾಗಿ ಫ್ಲೋಮೀಟರಿನ (ಆಕ್ಸಿಜನ್ ಹರಿವು ಅಳೆಯುವ ಸಾಧನ) ತಿರುಪು ತಿರುಗಿಸುವ ಮನೆಯವರೂ ಉಂಟು. ಆಕ್ಸಿಜನ್ ಅತಿಯಾದರೆ ಸರಿಯಾಗಿ ಗಾಳಿಯಾಡದ ಭಾಗಗಳಿಗೂ ರಕ್ತ ಹರಿದು, ಕಾರ್ಬನ್ ಡೈಆಕ್ಸೈಡ್ ಹೊರಹೋಗದೆ ಒಳಗೇ ಸೇರಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದ ಆಂಬುಲೆನ್ಸ್‌ಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಖಚಿತ ಸಿಒಪಿಡಿ ಇದ್ದು ಧಾರಾಳವಾಗಿ ಆಕ್ಸಿಜನ್ ಪಡೆದವರಲ್ಲಿ 9% ಮಂದಿ ತೀರಿಕೊಂಡರು. 88–92ಕ್ಕೆ ಹಿಡಿದು ಕೊಟ್ಟವರಲ್ಲಿ 2%. ಹಾಗೆಂದು ಹಾಕಿದ್ದ ಆಕ್ಸಿಜನ್ ಅನ್ನು ಥಟ್ಟನೆ ಕಿತ್ತುಬಿಡಬೇಡಿ, ಮಟ್ಟ ಮೊದಲಿಗಿಂತಲೂ ಕೆಳಗೆ ಕುಸಿಯುತ್ತದೆ. ರಕ್ತದಲ್ಲಿನ ಅನಿಲಗಳನ್ನು ಅಳೆಯುವ ಎಬಿಜಿ ಪರೀಕ್ಷೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಸರಿಯಿದ್ದರೆ ವೈದ್ಯರೇ ಗುರಿ ಏರಿಸಬಹುದು. ನೆಬ್ಯುಲೈಸರನ್ನು ಗೋಡೆಯ ಆಕ್ಸಿಜನ್‌ಗೆ ಜೋಡಿಸಿದರೆ ನಿಮಿಷಕ್ಕೆ 6–8 ಲೀಟರ್ ಹರಿಯುತ್ತದೆ. ಗಾಳಿಯಿಂದ ನಡೆಯುವ ಯಂತ್ರ ಇದೆಯೇ ಎಂದು ಸಿಸ್ಟರ್ ಬಳಿ ಕೇಳಿ.

ರಾತ್ರಿ ಗಮನಿಸಬೇಕಾದ, ಕಾರ್ಬನ್ ಡೈಆಕ್ಸೈಡ್ ಏರುತ್ತಿರುವ ಸೂಚನೆಗಳು: ಮಂಪರು, ತಲೆನೋವು, ಕೈ ಚಾಚಿದಾಗ ಅಂಗೈ ಪಟಪಟ ಅದುರುವುದು, ಅಸಂಬದ್ಧ ಮಾತು. "ಸದ್ಯ, ನಿದ್ದೆ ಬಂತು" ಎಂದುಕೊಳ್ಳದೆ ಎಬ್ಬಿಸಿ ನೋಡಿ. ಸರಿಯಾಗಿ ಏಳದಿದ್ದರೆ ತಕ್ಷಣ ಕರೆಯಿರಿ. ರಕ್ತದ ಆಮ್ಲೀಯತೆ ಸೂಚಿಸುವ ಪಿಎಚ್ 7.35ಕ್ಕಿಂತ ಇಳಿದು, ಕಾರ್ಬನ್ ಡೈಆಕ್ಸೈಡ್ ಒತ್ತಡ 45 ಮಿ.ಮೀ. (ಪಾದರಸ) ದಾಟಿದರೆ ಬೈಪ್ಯಾಪ್ ಮಾಸ್ಕ್ ಹಾಕುವ ಸಮಯ. ಮಾಸ್ಕ್ ಇರುವಾಗ ನೀರು, ಗಂಜಿ ಕೊಡಬೇಡಿ, ನೆತ್ತಿಗೇರುತ್ತದೆ. ಕಫ ದಪ್ಪವಾಗಿದ್ದರೆ ಮಾಸ್ಕ್ ಕೈಕೊಡುವುದುಂಟು. ಆಗ ಟ್ಯೂಬ್ ಹಾಕಿ ವೆಂಟಿಲೇಟರ್ ಬೇಕಾಗಬಹುದು.

ಔಷಧದಲ್ಲಿ ಎರಡು ಜಾಗ ಎಡವುತ್ತದೆ. ಉಸಿರುನಾಳ ಸಡಿಲಿಸುವ ಥಿಯೋಫಿಲಿನ್ ಇರುವ ಮಾತ್ರೆ ನುಂಗುತ್ತಿರುವವರಿಗೆ ಸಿಪ್ರೊಫ್ಲಾಕ್ಸಾಸಿನ್ ಅಥವಾ ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರೆ ಥಿಯೋಫಿಲಿನ್ ರಕ್ತದಲ್ಲಿ ಏರಿ ವಾಂತಿ, ಎದೆಬಡಿತ, ಫಿಟ್ಸ್ ಕೂಡ ಬರಬಹುದು. ಇನ್ನೊಂದು ಟಿಬಿ. ಲಿವೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಟಿಬಿ ಲಕ್ಷಣಗಳನ್ನು ಕೆಲಕಾಲ ಅಡಗಿಸುತ್ತದೆ, ಅದನ್ನು ಶುರುಮಾಡುವ ಮುನ್ನವೇ ಕಫ ಪರೀಕ್ಷೆಗೆ ಹೋಗುವುದು ಒಳ್ಳೆಯದು. ಉಬ್ಬಸ ಕೆರಳಿದ್ದರೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಸಾಮಾನ್ಯವಾಗಿ ದಿನಕ್ಕೆ 40 ಮಿ.ಗ್ರಾಂ., 5 ದಿನ. ಸಕ್ಕರೆ ಕಾಯಿಲೆ ಇದ್ದರೆ ಶುಗರ್ ಪರೀಕ್ಷೆ ತಪ್ಪಿಸಬೇಡಿ.

ಮನೆಗೆ ಕಳಿಸುವ ಮುನ್ನ ಇನ್‌ಹೇಲರ್ ಎಳೆದು ತೋರಿಸಲು ರೋಗಿಗೇ ಹೇಳಿ, ಸಿಸ್ಟರ್ ನೋಡಲಿ. ಹಲವರು ತಪ್ಪಾಗಿಯೇ ಎಳೆಯುತ್ತಾರೆ. ಸ್ಟಿರಾಯ್ಡ್ ಇರುವ ಇನ್‌ಹೇಲರ್ ನ್ಯುಮೋನಿಯಾ ಸಾಧ್ಯತೆ ಹೆಚ್ಚಿಸುತ್ತದೆ. ಅದನ್ನು ನೀವಾಗಿ ನಿಲ್ಲಿಸಬೇಡಿ. ಮುಂದುವರಿಸಬೇಕೇ ಎಂದು ವೈದ್ಯರನ್ನು ಕೇಳಿ. ರಕ್ತದಲ್ಲಿ ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಪ್ರತಿ ಮೈಕ್ರೊಲೀಟರಿಗೆ 100ಕ್ಕಿಂತ ಕಡಿಮೆಯಿದ್ದು ನ್ಯುಮೋನಿಯಾ ಮರುಕಳಿಸುತ್ತಿದ್ದರೆ ಅದರ ಉಪಯೋಗ ಕಡಿಮೆ. ಫ್ಲೂ ಮತ್ತು ನ್ಯುಮೊಕಾಕಲ್ ಲಸಿಕೆ ಯಾವಾಗ ಎಂದೂ ಬರೆಸಿಕೊಳ್ಳಿ. ಧೂಮಪಾನಿಗಳಾಗಿದ್ದರೆ, ಅದರಲ್ಲೂ 50 ದಾಟಿದ್ದರೆ, ಸುಮಾರು 6 ವಾರಕ್ಕೆ ಮತ್ತೊಂದು ಎಕ್ಸ್‌ರೇ ತೆಗೆಸಿ: ಕಲೆ ಮಾಸದಿದ್ದರೆ ಅದರ ಹಿಂದೆ ಗಡ್ಡೆ ಇರಬಹುದು.