ಲಕ್ಸ್ ಮೀಟರಿನಲ್ಲಿ ಬೆಳಕು ಅಳೆಯುವಾಗ ತಪ್ಪು ನುಸುಳುವುದು ಎಲ್ಲಿ?

ಒಂದೇ ಮೇಜು, ಒಂದೇ ಮೀಟರ್. ಒಬ್ಬರು ಅಳೆದರೆ 480 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಮಾನ), ಇನ್ನೊಬ್ಬರು ಅಳೆದರೆ 390. ಇಂಥ ಕಡೆ ಮೀಟರ್ ಕೆಟ್ಟಿರುವುದು ಅಪರೂಪ. ಹಿಡಿದ ರೀತಿಯಲ್ಲೇ ಎಡವಟ್ಟು ಇರುತ್ತದೆ.

ಮೊದಲು ದೀಪಗಳನ್ನು ಹಾಕಿ ಕನಿಷ್ಠ 20 ನಿಮಿಷ ಬಿಡಿ. ಟ್ಯೂಬ್‌ಲೈಟ್ ಪೂರ್ತಿ ಬೆಳಕಿಗೆ ಬರಲು ಹೊತ್ತು ಹಿಡಿಯುತ್ತದೆ. ಎಲ್‌ಇಡಿಯದು ಇದಕ್ಕೆ ತಿರುಗುಮುರುಗು: ಹಾಕಿದ ಕೂಡಲೇ ಹೆಚ್ಚು ಕೊಟ್ಟು, ಬಿಸಿಯಾದಂತೆ ತುಸು ಇಳಿಯುತ್ತದೆ. ಅಷ್ಟರಲ್ಲಿ ಸೆನ್ಸರಿನ ಬಿಳಿ ಗುಮ್ಮಟವನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಮುಚ್ಚಳ ಹಾಕಿ ನೋಡಿ. ಸೊನ್ನೆ ಬರಬೇಕು. ಬರದಿದ್ದರೆ ಝೀರೋ ಬಟನ್ ಒತ್ತಿ. ಬ್ಯಾಟರಿ ಗುರುತು ಮಿನುಗುತ್ತಿದ್ದರೆ ಮುಂದಕ್ಕೆ ಹೋಗಲೇಬೇಡಿ.

ರೇಂಜ್, ಅಂದರೆ ಅಳೆಯಬಲ್ಲ ಮಿತಿಯನ್ನು, ಕೈಯಲ್ಲೇ ಬದಲಿಸುವ ಮೀಟರಾದರೆ ದೊಡ್ಡದರಿಂದ ಶುರುಮಾಡಿ ಕೆಳಗಿಳಿಯಿರಿ. ಪರದೆಯ ಎಡತುದಿಯಲ್ಲಿ ಬರೀ 1 ಅಥವಾ ‘ಓಎಲ್’ ಕಂಡರೆ ಬೆಳಕು ಆ ರೇಂಜ್ ಮೀರಿದೆ ಎಂದರ್ಥ. ಒಂದು ಮೆಟ್ಟಿಲು ಹಿಂದಕ್ಕೆ ಬನ್ನಿ. ಪರದೆಯಲ್ಲಿ ‘×10’ ಇದೆಯೇ ಎಂದು ಪ್ರತಿ ಸಲ ನೋಡಿ. ಅದನ್ನು ಮರೆತು 1,250 ಲಕ್ಸನ್ನು 125 ಎಂದು ಬರೆದುಕೊಂಡು ಬರುವವರು ಕಡಿಮೆಯೇನಿಲ್ಲ.

ಈಗ ಸೆನ್ಸರಿನ ವಿಷಯ. ಕೆಲಸ ನಡೆಯುವ ಮಟ್ಟದಲ್ಲೇ ಅಳೆಯಬೇಕು: ಮೇಜಿನ ಕೆಲಸಕ್ಕೆ ನೆಲದಿಂದ ಸುಮಾರು 0.8 ಮೀಟರ್, ಓಡಾಡುವ ಜಾಗಕ್ಕೆ ನೆಲವೇ. ಸೆನ್ಸರ್ ಮಟ್ಟಸವಾಗಿ ಮಲಗಿರಲಿ, ದೀಪದತ್ತ ತಿರುಗಿಸಬೇಡಿ. ನೆತ್ತಿಯ ಮೇಲಿನ ದೀಪವಾದರೆ 10 ಡಿಗ್ರಿ ವಾಲಿದರೂ ಹೋಗುವುದು ಶೇ. 1.5 ಮಾತ್ರ. ಆದರೆ ನೆತ್ತಿಯಿಂದ 60 ಡಿಗ್ರಿ ಓರೆಯಾಗಿ ಬರುವ ಬೆಳಕಿನ ಕಡೆಗೆ ಅದೇ 10 ಡಿಗ್ರಿ ವಾಲಿಸಿ ನೋಡಿ, ರೀಡಿಂಗ್ ಸುಮಾರು ಶೇ. 29 ಏರುತ್ತದೆ. ಗೋಡೆದೀಪ, ಕಿಟಕಿ ಇರುವ ಕೋಣೆಗಳಲ್ಲಿ ಲೆಕ್ಕ ತಪ್ಪುವುದು ಹೆಚ್ಚಾಗಿ ಹೀಗೆ.

ಇನ್ನೊಂದು ಕಾಟ ನಿಮ್ಮ ಮೈಯದೇ. ನೆರಳು ಬಿದ್ದರೆ ಕಡಿಮೆ, ಬಿಳಿ ಅಂಗಿಯಿಂದ ಬೆಳಕು ಪುಟಿದರೆ ಜಾಸ್ತಿ. ವೈರಿನ ಸೆನ್ಸರಾದರೆ ಮೇಜಿನ ಮೇಲಿಟ್ಟು, ವೈರ್ ಬಿಡುವಷ್ಟು ದೂರ ಸರಿದು, ಬಗ್ಗಿ ಓದಿ. ಸೆನ್ಸರ್ ಮೀಟರಿಗೇ ಅಂಟಿಕೊಂಡಿದ್ದರೆ ಅದನ್ನು ಇಟ್ಟು, ತಲೆ ಗುಮ್ಮಟಕ್ಕಿಂತ ಕೆಳಗೆ ಬರುವಂತೆ ಕುಳಿತು, ಅಂಕಿ ನಿಂತ ಮೇಲೆ ಹೋಲ್ಡ್ ಒತ್ತಿ.

ಒಂದು ಜಾಗದ ರೀಡಿಂಗ್ ಇಡೀ ಕೋಣೆಯ ಮಾತಾಡುವುದಿಲ್ಲ. ಎಷ್ಟು ಕಡೆ ಅಳೆಯಬೇಕೆಂಬುದಕ್ಕೆ ರೂಮ್ ಇಂಡೆಕ್ಸ್ ಇದೆ: ಉದ್ದ × ಅಗಲವನ್ನು, ಮೇಜಿನ ಮಟ್ಟದಿಂದ ದೀಪದವರೆಗಿನ ಎತ್ತರ × (ಉದ್ದ + ಅಗಲ) ಇದರಿಂದ ಭಾಗಿಸಿ. 1ಕ್ಕಿಂತ ಕಡಿಮೆ ಬಂದರೆ ಕನಿಷ್ಠ 9 ಜಾಗ, 1ರಿಂದ 2ರೊಳಗೆ 16, 2ರಿಂದ 3ರೊಳಗೆ 25, ಅದಕ್ಕೂ ಮೇಲಾದರೆ 36. ಕೋಣೆ 6 × 4 ಮೀಟರ್, ದೀಪ ಮೇಜಿಗಿಂತ 2 ಮೀಟರ್ ಮೇಲೆ ಎನ್ನಿ: 24 ÷ 20 = 1.2, ಅಂದರೆ 16 ಜಾಗ. ನೆಲವನ್ನು 1.5 × 1 ಮೀಟರಿನ 16 ಚೌಕಟ್ಟುಗಳಾಗಿ ಹಂಚಿ, ಪ್ರತಿಯೊಂದರ ನಡುಮಧ್ಯದಲ್ಲಿ ಅಳೆಯಿರಿ. ದೀಪಗಳ ಸಾಲೂ ನಿಮ್ಮ ಚುಕ್ಕಿಗಳ ಸಾಲೂ ಒಂದರ ಕೆಳಗೊಂದು ಕೂತುಬಿಟ್ಟರೆ ಸರಾಸರಿ ಉಬ್ಬುತ್ತದೆ. ಆಗ ಚುಕ್ಕಿಗಳನ್ನು ಹೆಚ್ಚಿಸಿ. ಸರಾಸರಿಯ ಜೊತೆಗೆ ಕನಿಷ್ಠವನ್ನೂ ನೋಡಿ. ಕನಿಷ್ಠವನ್ನು ಸರಾಸರಿಯಿಂದ ಭಾಗಿಸಿದರೆ ಬರುವುದೇ ಸಮತೆ: ಸರಾಸರಿ 420, ಕನಿಷ್ಠ 260 ಆದರೆ 0.62.

ದೀಪದ ಬೆಳಕಷ್ಟೇ ಬೇಕಿದ್ದರೆ ಕತ್ತಲಾದ ಮೇಲೆ ಅಳೆಯುವುದು ಸುಲಭ. ಹಗಲಲ್ಲೇ ಆಗಬೇಕೆಂದರೆ ದೀಪ ಹಾಕಿದಾಗಿನ ರೀಡಿಂಗಿನಿಂದ ಆರಿಸಿದಾಗಿನದನ್ನು ಕಳೆಯಿರಿ; ಮೋಡ ಓಡುತ್ತಿದ್ದರೆ ಈ ಉಪಾಯ ನಡೆಯದು.

ಅಗ್ಗದ ಮೀಟರುಗಳು ಕಣ್ಣಿನಂತೆ ಬಣ್ಣ ತೂಗುವುದಿಲ್ಲ. ಕ್ಯಾಲಿಬ್ರೇಶನ್ (ಗೊತ್ತಿರುವ ಬೆಳಕಿಗೆ ಮೀಟರನ್ನು ಹೊಂದಿಸುವುದು) ಸಾಮಾನ್ಯವಾಗಿ 2856 ಕೆಲ್ವಿನ್ನಿನ, ಬುರುಡೆ ಬಲ್ಬಿನಂಥ ಬೆಳಕಿನಲ್ಲಿ ಆಗಿರುತ್ತದೆ. ನೀಲಿ ಜಾಸ್ತಿಯಿರುವ ಎಲ್‌ಇಡಿಗೆ ಅದರ ಲೆಕ್ಕ ಜಾರುತ್ತದೆ. ಎಲ್‌ಇಡಿ ಮೋಡ್ ಇದ್ದರೆ ಹಾಕಿಕೊಳ್ಳಿ, ಕೈಪಿಡಿಯಲ್ಲಿ ಗುಣಕ ಕೊಟ್ಟಿದ್ದರೆ ಗುಣಿಸಿ.

ಎಲ್ಲ ಮುಗಿದ ಮೇಲೆ ಮೊದಲ ಜಾಗಕ್ಕೇ ಹಿಂದಿರುಗಿ ಮತ್ತೊಮ್ಮೆ ಅಳೆಯಿರಿ. ಎದ್ದುಕಾಣುವ ವ್ಯತ್ಯಾಸ ಬಂದರೆ ನಡುವೆ ವೋಲ್ಟೇಜೋ ಹಗಲ ಬೆಳಕೋ ಬದಲಾಗಿದೆ. ಅಷ್ಟೂ ಜಾಗಗಳನ್ನು ಮತ್ತೆ ಅಳೆಯಬೇಕು.