ಕರಾವಳಿಯ ಹಳೆ ಸೆಡಾನ್: ಎಲ್ಲಿ ಕೆಡುತ್ತದೆ, ಎಷ್ಟು ಖರ್ಚು ಬರುತ್ತದೆ

ಹಳೆಯ ಹೋಂಡಾ ಸಿಟಿ, ಮಾರುತಿ ಸಿಯಾಜ್, ಫೋಕ್ಸ್‌ವ್ಯಾಗನ್ ವೆಂಟೋ ಯಾವುದೇ ಇರಲಿ, ಕೊಳ್ಳುವ ಮುನ್ನ ಮೀಟರಿನ ಕಿಲೋಮೀಟರನ್ನು ನಾನು ಕೊನೆಗೆ ನೋಡುತ್ತೇನೆ. ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತಿತ್ತು ಎಂದು ಮೊದಲು ಕೇಳುತ್ತೇನೆ. ಕಾರವಾರದಲ್ಲೋ ಅಂಕೋಲಾದಲ್ಲೋ ಕಡಲ ಬದಿಯ ಬಯಲಲ್ಲಿ ನಿಂತು 40,000 ಕಿ.ಮೀ. ಓಡಿದ ಗಾಡಿಗಿಂತ, ಶಿರಸಿಯಲ್ಲಿ ಮಾಡಿನಡಿ ನಿಂತು ಲಕ್ಷ ಓಡಿದ ಗಾಡಿಯ ಅಡಿಭಾಗ ಹೆಚ್ಚು ಗಟ್ಟಿ ಇರುತ್ತದೆ. ಎಂಜಿನ್ ಕೆಟ್ಟರೆ ರಿಪೇರಿ ಇದೆ, ಒಳಗಿನಿಂದ ತುಕ್ಕು ತಿಂದ ತಗಡಿಗೆ ಪೂರ್ತಿ ಮದ್ದಿಲ್ಲ.

ಹಾಗಾಗಿ ಗಾಡಿಯನ್ನು ರ‍್ಯಾಂಪ್ ಮೇಲೆ ಹತ್ತಿಸದೆ ಬೆಲೆಯ ಮಾತಿಗೆ ಹೋಗಬೇಡಿ. ಅಡಿಭಾಗಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆಸಿದ್ದರೆ ನನಗೆ ಅನುಮಾನ ಹೆಚ್ಚುತ್ತದೆ. ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಮುಂದಿನ ಸಬ್‌ಫ್ರೇಮ್ (ಎಂಜಿನ್ ಕೆಳಗಿನ ಗಟ್ಟಿ ಚೌಕಟ್ಟು), ಬ್ರೇಕ್ ಪೈಪು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಇಷ್ಟನ್ನೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಠಣ್ ಎನ್ನುತ್ತದೆ. ಪುಟ್ಟಿ ತುಂಬಿದ್ದರೆ ಸದ್ದು ಮಂದವಾಗುತ್ತದೆ, ತುಕ್ಕು ತಿಂದಿದ್ದರೆ ಪುಡಿ ಉದುರುತ್ತದೆ. ಬಾಗಿಲ ಕೆಳಪಟ್ಟಿ ಕತ್ತರಿಸಿ ಹೊಸ ತಗಡು ಬೆಸೆದು ಪೇಂಟ್ ಮಾಡಲು ಒಂದು ಬದಿಗೆ ಸುಮಾರು 6,000ದಿಂದ 10,000 ರೂಪಾಯಿ. ಸ್ಪ್ರಿಂಗ್ ಕೂರುವ ಜಾಗವೋ ಸಬ್‌ಫ್ರೇಮೋ ಹೋಗಿದ್ದರೆ ಆ ಗಾಡಿಯನ್ನು ಬಿಡಿ, ಎಷ್ಟು ಅಗ್ಗವಾದರೂ ಸರಿ.

2019ರ ಆಗಸ್ಟ್‌ನಲ್ಲೂ 2021ರ ಜುಲೈಯಲ್ಲೂ ಗಂಗಾವಳಿ, ಕಾಳಿ ನದಿ ದಂಡೆಯ ಊರುಗಳಿಗೆ ನೆರೆ ನುಗ್ಗಿತ್ತು. ನೀರಲ್ಲಿ ನಿಂತ ಗಾಡಿಯೇ ಎಂದು ತಿಳಿಯಲು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸೀಟು ತೊಳೆದವರೂ ಬೆಲ್ಟಿನ ಒಳ ತುದಿಯ ಕೆಸರಿನ ಗೆರೆ ತೊಳೆದಿರುವುದಿಲ್ಲ. ಕಾರ್ಪೆಟ್ ಎತ್ತಿ ವೈರಿನ ಕಪ್ಲರ್ ಬಿಚ್ಚಿ ನೋಡಿ. ಪಿನ್ನುಗಳು ಹಸಿರುಗಟ್ಟಿದ್ದರೆ ಒಂದಾದ ಮೇಲೊಂದು ಸೆನ್ಸರ್ ಕೈಕೊಡುತ್ತ ಹೋಗುತ್ತದೆ.

ಎ.ಸಿ. ಈ ಭಾಗದ ದೊಡ್ಡ ತಲೆನೋವು. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಅಲ್ಯೂಮಿನಿಯಂನದು. ತೇವ, ಧೂಳು, ಉಪ್ಪಿನ ಗಾಳಿ ಸೇರಿ ಅದರಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಹಳೆ ಹೋಂಡಾ ಸಿಟಿಗಳಲ್ಲಿ ಇದನ್ನು ಹೆಚ್ಚು ಕಾಣುತ್ತೇನೆ. ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸುವುದು ದುಡ್ಡು ದಂಡ. ಮೊದಲು ನೈಟ್ರೋಜನ್ ಒತ್ತಡ ಕೊಟ್ಟು ಸೋರುವ ಜಾಗ ಹಿಡಿಯಬೇಕು. ಕಾಯಿಲ್ ಬದಲಿಸಲು ಮಜೂರಿ, ಗ್ಯಾಸ್ ಸೇರಿ 9,000ದಿಂದ 14,000 ಆಗುತ್ತದೆ. ಬಾನೆಟ್ ಒಳಗಿನ ಸ್ಟಿಕರಿನಲ್ಲಿ ಬರೆದಷ್ಟೇ ಗ್ರಾಂ ಗ್ಯಾಸನ್ನು ತೂಗಿ ತುಂಬಿಸಿಕೊಳ್ಳಿ. ಹೆಚ್ಚಾದರೆ ತಂಪು ಕಡಿಮೆ, ಕಂಪ್ರೆಸರಿಗೂ ಹೊಡೆತ.

ಬ್ರೇಕ್ ಮತ್ತು ಕ್ಲಚ್ಚಿನ ಸತ್ಯ ತಿಳಿಯುವುದು ಘಟ್ಟದಲ್ಲಿ. ದೇವಿಮನೆ ಘಟ್ಟ ಇಳಿಯುವಾಗ ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಹಳೆಯ ಬ್ರೇಕ್ ಆಯಿಲ್ ಮೇಲೆ ಅನುಮಾನ ಪಡಬೇಕು. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ ಮೇಲಿನ ಮಿತಿ ಬರೀ 155. ನಮ್ಮ ಮಳೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು, ಸಾವಿರ ರೂಪಾಯಿ ಆಸುಪಾಸಿನ ಕೆಲಸ. ಚಕ್ರ ಬಿಚ್ಚಿದಾಗ ಒಳಗಿನ ಪ್ಯಾಡ್ ಸವೆದು ಹೊರಗಿನದು ದಪ್ಪ ಉಳಿದಿದ್ದರೆ ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿನ್ ತುಕ್ಕಿಗೆ ಬಿಗಿದಿದೆ ಎಂದರ್ಥ. ಪಿನ್ ಉಜ್ಜಿ ಬ್ರೇಕಿನದೇ ಗ್ರೀಸ್ ಹಚ್ಚಬೇಕು, ಹರಿದ ರಬ್ಬರ್ ಬದಲಿಸಬೇಕು. ಬರೀ ಹೊಸ ಪ್ಯಾಡ್ ಹಾಕಿದರೆ ಅದೂ ಹಾಗೇ ಸವೆಯುತ್ತದೆ.

ಏರಿನಲ್ಲಿ ಮೂರನೇ ಅಥವಾ ನಾಲ್ಕನೇ ಗೇರಿನಲ್ಲಿದ್ದು ಎಕ್ಸಲೇಟರ್ ಒತ್ತಿ. ಎಂಜಿನ್ ಕೂಗಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಮುಗಿದಿದೆ. ಸಿಟಿ, ಸಿಯಾಜ್ ಪೆಟ್ರೋಲಿನಲ್ಲಿ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗ್ ಸೇರಿ 10,000ದಿಂದ 14,000. ವೆಂಟೋ ಡೀಸೆಲಿನಲ್ಲಿ ಡ್ಯುಯಲ್ ಮಾಸ್ ಫ್ಲೈವೀಲ್ (ಕ್ಲಚ್ ಕೂರುವ, ಎಂಜಿನ್ ನಡುಕ ತಗ್ಗಿಸುವ ಭಾರದ ಚಕ್ರ) ಕೂಡ ಹೋಗಿದ್ದರೆ ಖರ್ಚು ಇದರ ಮೂರು-ನಾಲ್ಕು ಪಟ್ಟು. ಅದೇ ವೆಂಟೋದ 7 ಗೇರಿನ ಡಿ.ಎಸ್.ಜಿ. ಆಟೋಮ್ಯಾಟಿಕ್‌ನಲ್ಲಿ ಒಂದರಿಂದ ಎರಡಕ್ಕೆ ಹೋಗುವಾಗ ಜಗ್ಗಿದರೆ, ಏರಿನಲ್ಲಿ ರಿವರ್ಸ್ ತೆಗೆಯುವಾಗ ನಡುಗಿದರೆ ನಾನು ಕೊಳ್ಳಲು ಹೇಳುವುದಿಲ್ಲ. ಒಣ ಕ್ಲಚ್ಚಿನ ಜೊತೆ ಮೆಕಾಟ್ರಾನಿಕ್ (ಗೇರ್ ಬದಲಿಸುವ ನಿಯಂತ್ರಣ ಘಟಕ) ಕೂಡ ಬದಲಿಸಬೇಕಾದರೆ ಲಕ್ಷ ದಾಟುತ್ತದೆ.

ಸಸ್ಪೆನ್ಶನ್ ಸದ್ದಿಗೆ ಹೆದರಬೇಕಿಲ್ಲ. ಕಟಕಟ ಎಂದರೆ ಬಹುಪಾಲು ಲಿಂಕ್ ರಾಡ್, ಜೋಡಿಗೆ 2,000ದಿಂದ 3,000. ಲೋವರ್ ಆರ್ಮ್ ಜೋಡಿ 5,000ದಿಂದ 8,000. ಈ ಲೆಕ್ಕವೆಲ್ಲ ಖಾಸಗಿ ಗ್ಯಾರೇಜಿನದು, ಕಂಪನಿ ಸರ್ವಿಸಿನಲ್ಲಿ ಇನ್ನೂ ಹೆಚ್ಚು.

ಮಾಜಾಳಿ ಗಡಿಯಾಚೆಯ ಗೋವಾ ಗಾಡಿ ಅಗ್ಗ ಕಾಣುತ್ತದೆ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತಂದು, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕಂತೆ ಜೀವಾವಧಿ ತೆರಿಗೆ ಕಟ್ಟಿ ಹೊಸ ನಂಬರ್ ಪಡೆಯಬೇಕು. ಆ ತೆರಿಗೆಯನ್ನು ಕಾರವಾರದ ಆರ್‌ಟಿಒದಲ್ಲಿ ಮೊದಲೇ ಕೇಳಿ ಬೆಲೆಗೆ ಸೇರಿಸಿ ನೋಡಿ.

ಕೊಂಡ ಮೇಲೆ ಮಳೆಗಾಲ ಮುಗಿದ ಕೂಡಲೇ ಅಡಿಭಾಗವನ್ನು ಸಿಹಿನೀರಿನ ಪ್ರೆಶರಿನಲ್ಲಿ ತೊಳೆಸಿ, ಬಾಗಿಲ ಕೆಳಗಿನ ನೀರುಕಂಡಿಗಳನ್ನು ತಂತಿಯಿಂದ ಬಿಡಿಸಿ. ವೈಪರ್ ಕೆಳಗೆ ಸೇರಿದ ಎಲೆಗಳನ್ನೂ ತೆಗೆಯಿರಿ, ಇಲ್ಲದಿದ್ದರೆ ನೀರು ಬ್ಲೋವರಿಗೆ ಇಳಿಯುತ್ತದೆ. ಒಂದೆರಡು ದಿನ ಬಿಸಿಲಲ್ಲಿ ಚೆನ್ನಾಗಿ ಒಣಗಿದ ಮೇಲೆಯೇ ಟೊಳ್ಳು ಭಾಗಗಳಿಗೆ ಮೇಣದ ಸ್ಪ್ರೇ ಹೊಡೆಸಿ. ತೇವದ ಮೇಲೆ ಕೋಟಿಂಗ್ ಬಿದ್ದರೆ ತುಕ್ಕು ಅದರಡಿಯಲ್ಲೇ ಬೆಳೆಯುತ್ತದೆ.